ಬಸಿರು ‘ನಿಲ್ಲುವುದು’ ಅಂದರೆ ಏನು?

ತೀರ್ಥಹಳ್ಳಿ ಕಡೆಯ ನಮ್ಮ ಮನೆಯಲ್ಲಿ ಅಡಿಕೆ ಸುಲಿಯುವುದು ಶುರುವಾದರೆ ರಾತ್ರಿ ಹನ್ನೊಂದಾದರೂ ಮೆಟ್ಟುಗತ್ತಿಗೆ ಬಿಡುವಿಲ್ಲ. ಆ ವರ್ಷ ಅದೇ ಹೊತ್ತಿಗೆ ಅತ್ತಿಗೆಗೆ ಮುಟ್ಟು ಐದು ದಿನ ತಡವಾಗಿತ್ತು. ಮೆಡಿಕಲ್ ಶಾಪಿನಿಂದ ತಂದ ಕಿಟ್‌ನಲ್ಲಿ ಎರಡನೇ ಗೆರೆ ಮಸುಕಾಗಿ ಮೂಡಿತ್ತು. ಅದನ್ನು ಕರ್ಚೀಫಿನಲ್ಲಿ ಸುತ್ತಿ, ಕಿಟಕಿಯ ಬೆಳಕಿಗೆ ಹಿಡಿದು ನನಗೆ ಎರಡು ಸಲ ತೋರಿಸಿದ್ದಳು. ಎರಡು ದಿನ ಬಿಟ್ಟು ಮುಟ್ಟಾಯಿತು. ‘ಹೊತ್ತುಗೊತ್ತಿಲ್ಲದೆ ಕೂತು ಸುಲಿದಳು, ಅದಕ್ಕೇ ನಿಲ್ಲಲಿಲ್ಲ’ ಎಂದರು ಅಮ್ಮ. ಅತ್ತಿಗೆ ಏನೂ ಹೇಳಲಿಲ್ಲ. ಮಾರನೇ ದಿನ ಸುಲಿಯಲಿಕ್ಕೂ ಬರಲಿಲ್ಲ.

ಎಲ್ಲಿ ನಿಲ್ಲಬೇಕಿತ್ತು? ಏನು ನಿಲ್ಲಬೇಕಿತ್ತು? ಈ ಪ್ರಶ್ನೆ ಬೆನ್ನು ಹತ್ತಿ ಹೋದರೆ ಮುನ್ನೂರೈವತ್ತು ವರ್ಷಕ್ಕೂ ಹಿಂದೆ ಹೋಗಬೇಕಾಗುತ್ತದೆ.

ರಕ್ತ ದೇಹದೊಳಗೆ ಸುತ್ತುತ್ತದೆ ಎಂದು ತೋರಿಸಿಕೊಟ್ಟ ಇಂಗ್ಲೆಂಡಿನ ವಿಲಿಯಂ ಹಾರ್ವೆಗೂ ಇದೇ ಕುತೂಹಲ ಇತ್ತು. ರಾಜ ಒಂದನೇ ಚಾರ್ಲ್ಸ್ ಬೇಟೆಯಾಡಿದ ಜಿಂಕೆಗಳನ್ನು ಅವನು ಕೊಯ್ದು ನೋಡಿದ. ಬೆದೆಯ ಕಾಲ ಮುಗಿದು ವಾರಗಳೇ ಕಳೆದಿದ್ದರೂ ಗರ್ಭಕೋಶದಲ್ಲಿ ಏನೂ ಕಾಣಲಿಲ್ಲ. 1651ರಲ್ಲಿ ಅದನ್ನು ಹಾಗೆಯೇ ಬರೆದು ಪ್ರಕಟಿಸಿದ. ಅವನು ಸೋತ ಎಂದು ನನಗೆ ಅನ್ನಿಸುವುದಿಲ್ಲ. ಕಾಣದ್ದನ್ನು ಕಂಡೆ ಎನ್ನಲಿಲ್ಲವಲ್ಲ! ಜಿಂಕೆಯ ಭ್ರೂಣ ಮೊದಮೊದಲು ನೂಲಿನ ಎಳೆಯ ಹಾಗೆ ಇರುತ್ತದೆ, ಮುಟ್ಟಿದರೆ ಹರಿಯುತ್ತದೆ. ಬರಿಗಣ್ಣಿಗೆ ಅದು ಸಿಗುವುದಾದರೂ ಹೇಗೆ? 1672ರಲ್ಲಿ ಡಚ್ಚರ ರೆನಿಯರ್ ದ ಗ್ರಾಫ್ ಮೊಲದ ಅಂಡನಾಳದಲ್ಲಿ ಪುಟ್ಟ ಗುಂಡುಗಳನ್ನು ಕಂಡ. ಸಸ್ತನಿಯ ಅಂಡಾಣು ನಿಜಕ್ಕೂ ಕಣ್ಣಿಗೆ ಬಿದ್ದದ್ದು 1827ರಲ್ಲಿ, ಕಾರ್ಲ್ ಫಾನ್ ಬೇಯರ್ ಎಂಬ ವಿಜ್ಞಾನಿಗೆ, ಒಂದು ನಾಯಿಯಲ್ಲಿ.

ಮನುಷ್ಯರ ವಿಷಯ ತಿಳಿಯಲು ಇನ್ನೂ ನೂರು ವರ್ಷ ಹಿಡಿಯಿತು. 1938ರಲ್ಲಿ ಅಮೆರಿಕದ ಬಾಸ್ಟನ್ ಬಳಿ ಆರ್ಥರ್ ಹರ್ಟಿಗ್ ಮತ್ತು ಜಾನ್ ರಾಕ್ ಎಂಬ ವೈದ್ಯರು ಕೆಲಸ ಶುರು ಮಾಡಿದರು. ಗರ್ಭಕೋಶ ತೆಗೆಸಿಕೊಳ್ಳಲು ಬಂದ ಇನ್ನೂರಕ್ಕೂ ಹೆಚ್ಚು ಹೆಂಗಸರು ಮುಟ್ಟಿನ ದಿನ, ಗಂಡನ ಜೊತೆ ಕೂಡಿದ ದಿನ ಬರೆದಿಟ್ಟುಕೊಂಡು ಬರುತ್ತಿದ್ದರು. ತೆಗೆದ ಗರ್ಭಕೋಶಗಳಲ್ಲಿ ಹುಡುಕುತ್ತಾ ಹುಡುಕುತ್ತಾ ಸುಮಾರು ಹದಿನೈದು ವರ್ಷದಲ್ಲಿ ಸಿಕ್ಕಿದ್ದು 34 ಭ್ರೂಣ. ಎಲ್ಲವೂ ಹದಿನೇಳು ದಿನದ ಒಳಗಿನವು. ಹೀಗೆ ಹುಡುಕುವುದಕ್ಕೆ ಇವತ್ತು ಅನುಮತಿ ಸಿಗುವುದು ಕಷ್ಟ. ಆದರೂ ಪಠ್ಯಪುಸ್ತಕದಲ್ಲಿ ನಾವು ನೋಡುವ ಮೊದಲ ವಾರಗಳ ಚಿತ್ರಕ್ಕೆ ಆ ಹೆಂಗಸರೇ ಆಧಾರ. ನಾವು ಅವರಿಗೆ ಋಣಿಗಳು.

ಆ ಚಿತ್ರ ಹೇಳುವುದು ಇಷ್ಟು. ಅಂಡಾಣು ಮತ್ತು ವೀರ್ಯಾಣು ಸೇರುವುದು ಗರ್ಭಕೋಶದಲ್ಲಲ್ಲ, ಅಂಡನಾಳದಲ್ಲಿ. ಒಂದು ಎರಡಾಗಿ, ಎರಡು ನಾಲ್ಕಾಗಿ ಒಡೆಯುತ್ತಾ ಮೂರು–ನಾಲ್ಕು ದಿನಕ್ಕೆ ಭ್ರೂಣ ಗರ್ಭಕೋಶಕ್ಕೆ ಇಳಿಯುತ್ತದೆ. ಐದನೇ ದಿನದ ಹೊತ್ತಿಗೆ ಅದು ಒಳಗೆ ನೀರು ತುಂಬಿದ ಸಣ್ಣ ಗುಳ್ಳೆ. ಗಸಗಸೆ ಕಾಳಿನಷ್ಟೂ ಇಲ್ಲ. ಒಳಗೆ ಒಂದು ಬದಿಗೆ ಅಂಟಿದ ಜೀವಕೋಶಗಳು ಮುಂದೆ ಮಗುವಾಗುತ್ತವೆ, ಹೊರಗಿನ ಪದರ ಮಾಸು ಆಗುತ್ತದೆ. ಆಮೇಲೆ ಗುಳ್ಳೆ ತನ್ನ ಮೇಲಿನ ಸಿಪ್ಪೆ ಕಳಚಿ ಹೊರಗೆ ಬರುತ್ತದೆ.

ಇತ್ತ ಗರ್ಭಕೋಶದ ಒಳಪದರ ಪ್ರೊಜೆಸ್ಟರಾನ್ ಹಾರ್ಮೋನಿನ ಬಲದಿಂದ ಮೆತ್ತಗಾಗಿ, ಉಬ್ಬಿ, ಪೋಷಣೆ ತುಂಬಿಕೊಂಡು ಕಾಯುತ್ತಿರುತ್ತದೆ. ಈ ಹದ ತಿಂಗಳಲ್ಲಿ ನಾಲ್ಕೈದು ದಿನ ಮಾತ್ರ. ಗದ್ದೆ ಹದಕ್ಕೆ ಬಾರದೆ ನಟ್ಟಿ ಮಾಡಿದರೆ ಸಸಿ ಬೇರು ಹಿಡಿಯುತ್ತದಾ? ಇದೂ ಹಾಗೆಯೇ.

ಹದ ಕೂಡಿಬಂದರೆ ಗುಳ್ಳೆ ಗೋಡೆಗೆ ತಾಗುತ್ತದೆ. ಉತ್ತರಾಣಿ ಕಾಳು ಪಂಚೆಗೆ ಅಂಟುತ್ತದಲ್ವಾ, ಹಾಗೆ. ರಕ್ತನಾಳದ ಗೋಡೆಯನ್ನು ಹಿಡಿಯಲು ಬಿಳಿರಕ್ತಕಣಗಳು ಬಳಸುವ ಹಿಡಿಕೆಯಂಥ ಒಂದು ಪ್ರೋಟೀನ್ ಭ್ರೂಣದ ಮೇಲೂ ಇದೆ ಎಂದು 2003ರಲ್ಲಿ ಕ್ಯಾಲಿಫೋರ್ನಿಯಾದ ಸಂಶೋಧಕರು ತೋರಿಸಿದರು. ಅಂಟಿಕೊಂಡ ಮೇಲೆ ಹೊರಪದರ ಒಳಗೆ ಬೇರು ಬಿಡುತ್ತದೆ. ತಾಯಿಯ ಸಣ್ಣ ರಕ್ತನಾಳಗಳವರೆಗೂ ಕೊರೆದುಕೊಂಡು ಹೋಗುತ್ತದೆ. ಹತ್ತು–ಹನ್ನೆರಡನೇ ದಿನಕ್ಕೆ ಭ್ರೂಣ ಪೂರ್ತಿ ಒಳಗೆ ಹುದುಗಿ, ಹೊಕ್ಕ ಬಾಯಿಯೂ ಮುಚ್ಚಿಹೋಗಿರುತ್ತದೆ. ಕೈಗೆ ಮುಳ್ಳು ಹೊಕ್ಕರೆ ಕೀವು ಮಾಡಿ ಹೊರಗೆ ತಳ್ಳುವ ದೇಹ, ಅರ್ಧ ಅಪ್ಪನ ಪಾಲಿರುವ ಇದನ್ನು ಯಾಕೆ ತಳ್ಳುವುದಿಲ್ಲ? 1953ರಲ್ಲಿ ಬ್ರಿಟನ್ನಿನ ವಿಜ್ಞಾನಿ ಪೀಟರ್ ಮೆಡವರ್ ಕೇಳಿದ ಈ ಪ್ರಶ್ನೆಗೆ ಉತ್ತರ ಹುಡುಕುವುದು ಇನ್ನೂ ಮುಗಿದಿಲ್ಲ.

ಬೇರೂರಿದ ಭ್ರೂಣ ಎಚ್‌ಸಿಜಿ ಎಂಬ ಹಾರ್ಮೋನ್ ಕಳಿಸುತ್ತದೆ. ‘ನಾನು ಬಂದಿದ್ದೇನೆ, ಪದರ ಕಳಚಬೇಡ’ ಎಂದು ಹೇಳಿ ಕಳಿಸಿದ ಹಾಗೆ. ಅದು ಅಂಡಾಶಯಕ್ಕೆ ತಲುಪಿದರೆ ಪ್ರೊಜೆಸ್ಟರಾನ್ ನಿಲ್ಲುವುದಿಲ್ಲ, ಮುಟ್ಟು ಬರುವುದಿಲ್ಲ. ಕಿಟ್‌ನ ಎರಡನೇ ಗೆರೆ ಮೂಡಿಸುವುದೂ ಇದೇ. 1920ರ ದಶಕದ ಕೊನೆಯಲ್ಲಿ ಬರ್ಲಿನ್‌ನಲ್ಲಿ ಇದನ್ನು ಪತ್ತೆ ಮಾಡಲು ಹೆಂಗಸರ ಮೂತ್ರವನ್ನು ಇಲಿಮರಿಗಳಿಗೆ ಚುಚ್ಚಬೇಕಿತ್ತು. ಈಗ ಮನೆಯಲ್ಲೇ ಐದು ನಿಮಿಷದ ಕೆಲಸ. ಅಮ್ಮನ ಕಾಲದಲ್ಲಿ ಇದು ಇರಲಿಲ್ಲ. ಆಮೇಲೊಂದು ದಿನ ಅವರೇ ಹೇಳಿದರು, ‘ನಂಗೂ ಎರಡ್ಮೂರು ಸಲ ಹೀಗೆ ತಡ ಆಗಿತ್ತು ಕಣೆ. ತಡ ಆಯ್ತು ಅಂತಿದ್ವಿ, ಅಷ್ಟೇ.’

ಆ ‘ತಡ ಆಯ್ತು’ಗಳಲ್ಲಿ ಎಷ್ಟು ಬಸಿರು ಇದ್ದವು? ಅಮೆರಿಕದ ಆಲನ್ ವಿಲ್ಕಾಕ್ಸ್ ತಂಡ ಇದನ್ನೇ ಲೆಕ್ಕ ಹಾಕಿತು. 221 ಹೆಂಗಸರು ದಿನಾ ಬೆಳಗಿನ ಮೂತ್ರ ತೆಗೆದಿಟ್ಟು ಕೊಟ್ಟರು. 1988ರಲ್ಲಿ ಬಂದ ಫಲಿತಾಂಶ ನೋಡಿ: ಬೇರೂರಿದ ಬಸಿರುಗಳಲ್ಲಿ ಶೇ 31 ಹೋಗಿದ್ದವು. ಆ 31ರಲ್ಲಿ 22 ಬಸಿರೆಂದು ಗೊತ್ತಾಗುವ ಮೊದಲೇ ಹೋಗಿದ್ದವು. 1999ರ ವರದಿಯಲ್ಲಿ ಇನ್ನೊಂದು ವಿಷಯ ಕಂಡಿತು. ಅಂಡಾಣು ಬಿಡುಗಡೆಯಾದ ಒಂಬತ್ತನೇ ದಿನದೊಳಗೆ ನಾಟಿಕೊಂಡವುಗಳಲ್ಲಿ ಬೇಗನೆ ಹೋದವು ಶೇ 13. ಹನ್ನೊಂದನೇ ದಿನ ದಾಟಿ ನಾಟಿಕೊಂಡವುಗಳಲ್ಲಿ ಶೇ 82.

ಮೊದಲ ಮೂರು ತಿಂಗಳಲ್ಲಿ ಹೋಗುವ ಬಸಿರುಗಳಲ್ಲಿ ಸುಮಾರು ಅರ್ಧದಷ್ಟಕ್ಕೆ ಕಾರಣ ವಂಶವಾಹಿಗಳನ್ನು ಹೊತ್ತ ವರ್ಣತಂತುಗಳ (ಕ್ರೋಮೋಸೋಮ್) ಏರುಪೇರು. ಅಂಥ ಏರುಪೇರುಗಳಲ್ಲಿ ಹೆಚ್ಚಿನವು ಅಂಡಾಣು–ವೀರ್ಯಾಣು ತಯಾರಾಗುವಾಗಲೋ ಮೊದಲ ಒಡೆತಗಳಲ್ಲೋ ಆಗಿಹೋಗಿರುತ್ತವೆ. ದೇಹದ ಹೊರಗೆ ಭ್ರೂಣ ಮಾಡಿ ಗರ್ಭಕೋಶದೊಳಗೆ ಇಡುವ ಐವಿಎಫ್ ಕೇಂದ್ರಗಳು ಶಿವಮೊಗ್ಗದಲ್ಲೂ ಈಗ ಇವೆ. ಭ್ರೂಣ ಒಳಗಿಟ್ಟ ಮೇಲೆ ಸುಮ್ನೆ ಮಲಗೇ ಇದ್ದರೆ ನಿಲ್ಲುತ್ತದೆ ಎಂಬುದಕ್ಕೂ ಆಧಾರ ಸಿಕ್ಕಿಲ್ಲ.

‘ಹಾಗಾದ್ರೆ ಅವತ್ತಿನ ಅಡಿಕೆಗೂ ಇದಕ್ಕೂ ಸಂಬಂಧ ಇಲ್ವಾ ಮಾರಾಯ್ತಿ?’ ಎಂದು ಅತ್ತಿಗೆ ಕೇಳಿದಳು.

‘ಇಲ್ಲ ಅತ್ತಿಗೆ.’

ಒಂದು ಮಾತನ್ನು ಮಾತ್ರ ಒತ್ತಿ ಹೇಳಬೇಕು. ಕೆಲವೊಮ್ಮೆ ಭ್ರೂಣ ಗರ್ಭಕೋಶಕ್ಕೆ ಇಳಿಯದೆ ಅಂಡನಾಳದಲ್ಲೇ ಬೇರು ಬಿಡುತ್ತದೆ. ಆಗಲೂ ಕಿಟ್‌ನಲ್ಲಿ ಎರಡು ಗೆರೆ ಬರುತ್ತವೆ. ನಾಳ ಒಡೆದರೆ ಹೊಟ್ಟೆಯೊಳಗೆ ರಕ್ತ ಸುರಿದು ಜೀವಕ್ಕೇ ಅಪಾಯ. ಮುಟ್ಟು ತಪ್ಪಿದ ಮೇಲೆ ಕಿಬ್ಬೊಟ್ಟೆಯ ಒಂದೇ ಬದಿಗೆ ಜೋರು ನೋವು, ರಕ್ತ ಹೋಗುವುದು, ತಲೆಸುತ್ತು, ಭುಜ ನೋವು ಕಂಡರೆ ತಕ್ಷಣ ತಾಲ್ಲೂಕು ಆಸ್ಪತ್ರೆಗೆ, ಅಲ್ಲಾಗದಿದ್ದರೆ ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಗೆ ಹೋಗಿ. ಮಳೆ ಜಾಸ್ತಿ ಇದೆ, ಬಸ್ಸಿಲ್ಲ, ಬೆಳಿಗ್ಗೆ ನೋಡೋಣ ಎಂದು ಕಾಯಬೇಡಿ. 108ಕ್ಕೆ ಫೋನ್ ಮಾಡಿ.