ಒಂದೇ ಹೊಲ, ಎರಡು ಮಣ್ಣು, ಒಂದೇ ಚೀಲ

ಗದಗ, ಹಾವೇರಿ ಭಾಗದಲ್ಲಿ ಒಂದೇ ಹೊಲದ ದಿನ್ನೆಯಲ್ಲಿ ಮಸಾರಿ (ಕೆಂಪು ಮಣ್ಣು), ಹಳ್ಳದ ಕಡೆ ಎರೆ (ಕಪ್ಪು ಮಣ್ಣು) ಇರುವುದು ಹೊಸತೇನಲ್ಲ. ಗೋವಿನಜೋಳಕ್ಕೆ ಮೇಲುಗೊಬ್ಬರ ಹಾಕುವಾಗ ಮಾತ್ರ ಎರಡಕ್ಕೂ ಒಂದೇ ಅಳತೆ. ಮಣ್ಣಿಗೆ ತಕ್ಕಂತೆ ನೀರಿನೊಂದಿಗೇ ಗೊಬ್ಬರ ಕೊಡುವ ಮಾತು ಈಗ ಕೇಳಿಬರುತ್ತಿರುವುದರಿಂದ, ಅದರ ಹಿನ್ನೆಲೆಯನ್ನು ನೋಡಬೇಕಾಗಿದೆ.

ಅಮೆರಿಕದ ಫ್ರಾಂಕ್ ಝೈಬ್ಯಾಕ್ 1952ರಲ್ಲಿ ಪೇಟೆಂಟ್ ಪಡೆದ ಸುತ್ತು ನೀರಾವರಿ ಯಂತ್ರ, ಕಣದಲ್ಲಿ ಮೇಟಿಯ ಸುತ್ತ ಎತ್ತುಗಳಿಂದ ಹಂತಿ ಹೊಡೆದಂತೆ ನಡೆಯುತ್ತದೆ. ಗಾಲಿಗಳ ಮೇಲೆ ಸಾಗುವ ಅದರ ಸುಮಾರು 400 ಮೀಟರ್ ಉದ್ದದ ಕೊಳವೆ ಒಂದು ಸುತ್ತಿನಲ್ಲಿ ಸುಮಾರು 125 ಎಕರೆ ತೋಯಿಸುತ್ತದೆ. ಹಂತಿಯಲ್ಲಿ ಹೊರಗಿನ ಎತ್ತು ಹೆಚ್ಚು ನಡೆಯುವಂತೆ ಕೊಳವೆಯ ತುದಿಯೂ ಹೆಚ್ಚು ನೆಲ ದಾಟುವುದರಿಂದ ಅಲ್ಲಿನ ನಳಿಕೆಗಳು ಹೆಚ್ಚು ನೀರು ಬಿಡುತ್ತವೆ. ಅದೇ ನೀರಿಗೆ ಗೊಬ್ಬರ ಸೇರಿಸಿದ ಮೇಲೆ ತೊಡಕು ಶುರುವಾಯಿತು. ಯಂತ್ರ ನಿಧಾನವಾದ ಕಡೆ ನೀರಿನ ಜೊತೆ ಗೊಬ್ಬರವೂ ಹೆಚ್ಚು ಬೀಳುತ್ತದೆ. ಆದರೆ ತೇವ ನಿಲ್ಲುವ ತಗ್ಗಿಗೆ ನೀರು ಕಡಿಮೆ ಸಾಕಾದರೂ, ಜವುಳಿನಲ್ಲಿ ಸಾರಜನಕ ಗಾಳಿಗೆ ಹೋಗುವುದರಿಂದ ಗೊಬ್ಬರ ಕಡಿಮೆಯಾದರೆ ನಡೆಯದು. ಮುಂದೆ ನಳಿಕೆಗಳನ್ನು ಬೇರೆಬೇರೆಯಾಗಿ ತೆರೆದು ಮುಚ್ಚುವ ವ್ಯವಸ್ಥೆ ಬಂದಾಗ ಇನ್ನೊಂದು ಸಮಸ್ಯೆ ಕಂಡಿತು: ಹರಿವು ಇಳಿದರೂ ಗೊಬ್ಬರದ ಪಂಪು ಮೊದಲಿನ ವೇಗದಲ್ಲೇ ನಡೆದರೆ, ತೆರೆದ ನಳಿಕೆಗಳಿಂದ ಬೀಳುವ ದ್ರಾವಣ ಗಾಢವಾಗುತ್ತದೆ. ಹೀಗಾಗಿ ಪಂಪು ಹರಿವನ್ನು ಅನುಸರಿಸಲೇಬೇಕು.

ಬದು, ಬಾವಿ, ವಿದ್ಯುತ್ ಕಂಬಗಳ ನಡುವಿನ ನಮ್ಮ ತುಂಡು ಹೊಲಗಳಲ್ಲಿ ಅಂಥ ಯಂತ್ರ ತಿರುಗಲಾರದು. ಇಲ್ಲಿಗೆ ಒಗ್ಗಿದ್ದು ಹನಿ ನೀರಾವರಿ. ತುಂಗಭದ್ರೆಯ ಸಿಂಗಟಾಲೂರು ಏತ ನೀರಾವರಿಯಲ್ಲೂ ಅದಕ್ಕೆ ಜಾಗ ಸಿಕ್ಕಿದೆ. ಮಸಾರಿಗೊಂದು, ಎರೆಗೊಂದು ವಾಲ್ವ್ ಇಟ್ಟರೆ ಗೊಬ್ಬರವನ್ನು ಬೇರೆಬೇರೆ ಪ್ರಮಾಣದಲ್ಲಿ ಕೊಡಬಹುದು. ಬಕೆಟ್ಟಿನಲ್ಲಿ ಯೂರಿಯಾ ಕರಗಿಸಿದರೆ ನೀರು ಕೈಗೆ ತಣ್ಣಗೆ ಹತ್ತಿ, ಪೂರ್ತಿ ಕರಗುತ್ತದೆ. ರಂಜಕದ ಗೊಬ್ಬರವಾದ ಡಿಎಪಿ ಮಾತ್ರ ತಳದಲ್ಲಿ ಗಸಿ ಉಳಿಸುತ್ತದೆ, ಅದನ್ನು ಸೋಸದೆ ಬಿಟ್ಟರೆ ಹನಿರಂಧ್ರಗಳು ಕಟ್ಟಿಕೊಳ್ಳುತ್ತವೆ. ನೀರಿನಲ್ಲಿ ಪೂರ್ತಿ ಕರಗುವ 19:19:19ರಂಥ (ಸಾರಜನಕ, ರಂಜಕ, ಪೊಟ್ಯಾಷ್ ತಲಾ ಶೇ. 19 ಇರುವ) ಗೊಬ್ಬರ ದುಬಾರಿ.

ಇನ್ನು ದರದ ಮಾತು. ಗೊಬ್ಬರಕ್ಕಾಗಿ ಬೀದಿಗಿಳಿದ ರೈತರ ಮೇಲೆ 2008ರ ಜೂನ್‌ನಲ್ಲಿ ಹಾವೇರಿಯಲ್ಲಿ ಗೋಲಿಬಾರ್ ನಡೆದ ಬಳಿಕ, ಇಲ್ಲಿ ಚೀಲ ಸಿಗುವುದೇ ಮೊದಲ ಚಿಂತೆ. ಗೊಬ್ಬರದಲ್ಲಿರುವ ಪೋಷಕಾಂಶದ ಲೆಕ್ಕದಲ್ಲಿ ನೆರವು ಕೊಡುವ 2010ರ ಪೋಷಕಾಂಶ ಆಧಾರಿತ ಸಬ್ಸಿಡಿಯಿಂದ ಯೂರಿಯಾ ಹೊರಗುಳಿದು ಅಗ್ಗವಾಗಿಯೇ ಇತ್ತು. ಅಗ್ಗದ್ದನ್ನು ಅಳೆದು ಹಾಕುವ ತಾಳ್ಮೆ ಯಾರಿಗಿರುತ್ತದೆ? ರೈತರು ಚೀಲದ ಲೆಕ್ಕದಲ್ಲೇ ಹಾಕುವುದನ್ನು ಬಲ್ಲ ಸರ್ಕಾರ 2018ರಲ್ಲಿ ಯೂರಿಯಾದ 50 ಕಿಲೋ ಚೀಲವನ್ನೇ 45ಕ್ಕೆ ಇಳಿಸಿತು. 2015ರ ಮಣ್ಣು ಆರೋಗ್ಯ ಚೀಟಿಗೆ ಒಣಬೇಸಾಯದಲ್ಲಿ 10 ಹೆಕ್ಟೇರಿಗೆ ಒಂದರಂತೆ ಮಾದರಿ ತೆಗೆದದ್ದರಿಂದ, ಎಷ್ಟೋ ರೈತರ ಕೈಯಲ್ಲಿರುವುದು ನೆರೆಹೊಲದ ಮಣ್ಣಿನ ಫಲಿತಾಂಶ.