ಸ್ಪೈಕರ್ 60 ಎಚ್‌ಪಿ: ಉಳಿದಿರುವುದು ಒಂದೇ ಕಾರು

ಹಳೇ ಕಾರುಗಳ ಚರಿತ್ರೆ ಓದುವಾಗ ‘ಜಗತ್ತಿನಲ್ಲೇ ಮೊದಲು’ ಅನ್ನುವ ಮಾತು ಪುಟಪುಟಕ್ಕೂ ಸಿಗುತ್ತದೆ. ಸುಮ್ನೆ ನಂಬಬೇಡಿ. ಅದನ್ನು ಒರೆಗೆ ಹಚ್ಚುವುದು ಕಲಿಯೋಕೆ ನಾಲ್ಕೂ ಚಕ್ರಕ್ಕೆ ಇಂಜಿನ್ನಿನ ಶಕ್ತಿ ಕೊಡುವ 1903ರ ಸ್ಪೈಕರ್ 60 ಎಚ್‌ಪಿ ಕಾರು ಚೆನ್ನಾದ ಪಾಠ. ಇಂಥದ್ದು ಉಳಿದಿರುವುದು ಒಂದೇ. ಅದು ನೆದರ್‌ಲ್ಯಾಂಡ್ಸ್‌ನ ಹೇಗ್ ನಗರದಲ್ಲಿ, ಲೌಮನ್ ಮ್ಯೂಸಿಯಂನಲ್ಲಿದೆ.

ಆಮ್‌ಸ್ಟರ್‌ಡ್ಯಾಂನ ಸ್ಪೈಕರ್ ಅಣ್ಣತಮ್ಮಂದಿರದು ಮೂಲದಲ್ಲಿ ಸಾರೋಟು ಮಾಡುವ ಕಸುಬು. ರಾಣಿ ವಿಲ್ಹೆಲ್ಮಿನಾಗೆ 1898ರಲ್ಲಿ ಉಡುಗೊರೆಯಾಗಿ ಬಂದ ಚಿನ್ನದ ಸಾರೋಟು ಇವರದೇ ಕೈಕೆಲಸ. ಆಮೇಲೆ ಕಾರಿಗೆ ಇಳಿದರು. 60 ಎಚ್‌ಪಿಯನ್ನು 1903ರ ಪ್ಯಾರಿಸ್–ಮ್ಯಾಡ್ರಿಡ್ ರೇಸಿಗೆಂದೇ ಶುರುಮಾಡಿದರು, ಆದರೆ ಅಷ್ಟರೊಳಗೆ ಕಾರು ಸಿದ್ಧವಾಗಲಿಲ್ಲ. ಆ ರೇಸನ್ನು ಸಾಲುಸಾಲು ಸಾವುಗಳಿಂದಾಗಿ ಬೋರ್ಡೋದಲ್ಲೇ ನಿಲ್ಲಿಸಿದರು. ಕಾರು ಕಾಣಿಸಿಕೊಂಡದ್ದು ಡಿಸೆಂಬರ್‌ನ ಪ್ಯಾರಿಸ್ ಪ್ರದರ್ಶನದಲ್ಲಿ.

ಈಗ ಮುಖ್ಯ ವಿಷಯ. ಆರು ಸಿಲಿಂಡರಿನ ಇಂಜಿನ್ ಮುಂದಿದೆ, ಅಳತೆ 8 ಲೀಟರಿಗಿಂತ ಜಾಸ್ತಿ. ಅದರ ಶಕ್ತಿ ಗೇರ್‌ಬಾಕ್ಸ್ ದಾಟಿ ನಡುವಿನ ಡಿಫರೆನ್ಷಿಯಲ್‌ಗೆ (ಎರಡು ಕಡೆಯ ಚಕ್ರಗಳು ಬೇರೆ ಬೇರೆ ವೇಗದಲ್ಲಿ ಉರುಳಲು ಬಿಡುವ ಗೇರುಗಳ ಜೋಡಣೆ) ಬರುತ್ತದೆ, ಅಲ್ಲಿಂದ ಒಂದು ಶಾಫ್ಟ್ ಮುಂದಿನ ಚಕ್ರಗಳಿಗೆ, ಇನ್ನೊಂದು ಹಿಂದಿನವಕ್ಕೆ. ನಡುವೆ ಡಿಫರೆನ್ಷಿಯಲ್ ಯಾಕೆ? ತಿರುವಿನಲ್ಲಿ ಮುಂದಿನ ಚಕ್ರಗಳು ಹಿಂದಿನವುಗಳಿಗಿಂತ ಜಾಸ್ತಿ ದೂರ ಉರುಳುತ್ತವೆ. ಎರಡನ್ನೂ ಬಿಗಿಯಾಗಿ ಜೋಡಿಸಿಬಿಟ್ಟರೆ ಒಂದನ್ನೊಂದು ಎಳೆದಾಡಿ ಟೈರು ಸವೆಯುತ್ತದೆ, ಶಾಫ್ಟಿನ ಮೇಲೂ ಒತ್ತಡ ಬೀಳುತ್ತದೆ. 1903ರಲ್ಲೇ ಇದನ್ನು ಯೋಚಿಸಿ ಕಟ್ಟಿದ್ದಾರಲ್ಲ, ಅದು ನನಗೆ ನಿಜಕ್ಕೂ ದೊಡ್ಡ ಸಾಧನೆ ಅನಿಸುತ್ತದೆ.

ಹಾಗಾದರೆ ನಾಲ್ಕೂ ಚಕ್ರ ಓಡಿಸಿದ ಮೊದಲ ಕಾರು ಇದೇನಾ? ಅಲ್ಲ. ಚಕ್ರಕ್ಕೊಂದರಂತೆ ನಾಲ್ಕು ಮೋಟರ್ ಇದ್ದ ಲೋನರ್-ಪೋರ್ಷೆ 1900ರಲ್ಲೇ ಬಂದಿತ್ತು, ಆದರೆ ಅದು ವಿದ್ಯುತ್ತಿನದು. ಪೆಟ್ರೋಲ್ ಕಾರುಗಳಲ್ಲಿ ಮೊದಲು ಅಂದರೆ ಸ್ಪೈಕರ್ ಹೆಸರು ನಿಲ್ಲುತ್ತದೆ. ಆರು ಸಿಲಿಂಡರಿನ ವಿಷಯದಲ್ಲಿ ಇಂಗ್ಲೆಂಡಿನ ನೇಪಿಯರ್ ಕಂಪನಿ ಕೂಡ ಅದೇ ಹೊತ್ತಿಗೆ ಇತ್ತು, ಅದನ್ನು ಮಾರಿ ಗೆದ್ದದ್ದೂ ನೇಪಿಯರ್. ‘ಮೊದಲು ಕಟ್ಟಿದ್ದು’ ಮತ್ತು ‘ಮೊದಲು ಮಾರಿ ಗೆದ್ದದ್ದು’ ಬೇರೆ ಬೇರೆ, ಇದನ್ನು ನೋಟ್ಸಿನಲ್ಲಿ ಬರೆದಿಟ್ಟುಕೊಳ್ಳಿ.

ನಾಲ್ಕೂ ಚಕ್ರ ಓಡಿಸುವ ಈ ವಿದ್ಯೆ ಯಾಕೆ ಮುಂದುವರಿಯಲಿಲ್ಲ? ಮುಂದಿನ ಚಕ್ರ ಎಡಬಲಕ್ಕೆ ತಿರುಗಲೂಬೇಕು, ಶಕ್ತಿಯನ್ನೂ ಪಡೆಯಬೇಕು. ಆ ಕಾಲದ ಜಾಯಿಂಟುಗಳಿಗೆ ಅದು ಕಷ್ಟ. ತೂಕ, ಖರ್ಚು ಎರಡೂ ಹೆಚ್ಚು. ಸಾಮಾನ್ಯ ರಸ್ತೆಯ ಕಾರಿಗೆ ಇದು ಮತ್ತೆ ಬಂದದ್ದು 1966ರ ಜೆನ್ಸನ್ ಎಫ್‌ಎಫ್‌ನಲ್ಲಿ, ಜನಪ್ರಿಯವಾದದ್ದು 1980ರ ಆಡಿ ಕ್ವಾಟ್ರೋದಿಂದ.

ಕಾರು ಉಳಿದದ್ದರಿಂದ ಇದೆಲ್ಲ ಬರೀ ಕಾಗದದ ಮಾತಲ್ಲ. ಫೋಟೋ ಸಿಕ್ಕರೆ ಬಾನೆಟ್ಟಿಗಿಂತ ಮೊದಲು ಮುಂದಿನ ಆಕ್ಸಲ್ ನೋಡಿ.