ಡಬ್ಬಿಯ ರಿಫ್ರೈಡ್ ಬೀನ್ಸನ್ನು ಕುದಿಸಬೇಡಿ, ಒಗ್ಗರಣೆ ಕೊಡಿ

ಓದುಗರ ಪ್ರಶ್ನೆ: ಅಮೆರಿಕದಿಂದ ಬಂದಿದ್ದ ಮಗ ರಿಫ್ರೈಡ್ ಬೀನ್ಸ್ (ಬೇಯಿಸಿ ಜಜ್ಜಿದ, ಮೆಕ್ಸಿಕೋ ಶೈಲಿಯ ಕಾಳಿನ ಮುದ್ದೆ) ಡಬ್ಬಿಗಳನ್ನು ಬಿಟ್ಟು ಹೋಗಿದ್ದಾನೆ. ಹಾಗೇ ಬಿಸಿ ಮಾಡಿದರೆ ತಳ ಹಿಡಿಯುತ್ತದೆ. ನೀರು ಹಾಕಿ ಕುದಿಸಿದರೆ ಸಪ್ಪೆ. ರುಚಿಯಾಗಿ ಬಿಸಿ ಮಾಡುವುದು ಹೇಗೆ?

ಉತ್ತರ: ಅಲ್ಲಿಯ ಬೇಸಿಗೆ ರಜೆ ಮುಗಿದು ಮೊಮ್ಮಕ್ಕಳು ವಿಮಾನ ಹತ್ತಿದರು ಅಂದರೆ ಈ ಪ್ರಶ್ನೆ ಬಂತು ಅಂತಲೇ ಲೆಕ್ಕ. ಶಿರಸಿ, ಸಿದ್ದಾಪುರದವರು ಕೇಳುತ್ತಾರೆ. ಕಾರವಾರದ ನೌಕಾನೆಲೆಯ ಕ್ವಾರ್ಟರ್ಸ್‌ನವರು ಕೇಳುತ್ತಾರೆ. ಭಟ್ಕಳದವರ ಕೈಯಲ್ಲಿ ದುಬೈಯಿಂದ ಬಂದ ಫೂಲ್ ಎಂಬ ಅರಬ್ಬರ ಬೇಯಿಸಿದ ಕಾಳಿನ ಡಬ್ಬಿ ಇರುತ್ತದೆ, ಪ್ರಶ್ನೆ ಮಾತ್ರ ಇದೇ. ಎಷ್ಟು ಸಲ ಹೇಳಿದ್ದೇನೋ, ಇನ್ನೊಮ್ಮೆ ಹೇಳುತ್ತೇನೆ. ಈ ಸಲ ಕತ್ತರಿಸಿ ಫ್ರಿಜ್ ಬಾಗಿಲಿಗೆ ಅಂಟಿಸಿಕೊಳ್ಳಿ.

ಮೊದಲು ಕೆಲಸದ ಮಾತು. ದಪ್ಪ ತಳದ ಬಾಣಲೆ ಇಡಿ. 454 ಗ್ರಾಂ ಡಬ್ಬಿಗೆ ಎರಡು ದೊಡ್ಡ ಚಮಚ ತುಪ್ಪವೋ ತೆಂಗಿನೆಣ್ಣೆಯೋ ಬೇಕು. ಕೈ ಹಿಡಿಯಬೇಡಿ, ಜಿಡ್ಡು ಕಡಿಮೆಯಾದರೆ ಈ ಪದಾರ್ಥಕ್ಕೆ ಜೀವವೇ ಇಲ್ಲ. ಜೀರಿಗೆ ಸಿಡಿಸಿ, ಸಣ್ಣಗೆ ಹೆಚ್ಚಿದ ಒಂದು ಈರುಳ್ಳಿ ಹಾಕಿ. ಹೆದ್ದಾರಿ ಬದಿಯಲ್ಲಿ ಹೆಣೆದು ತೂಗುಹಾಕಿ ಮಾರುತ್ತಾರಲ್ಲ, ಆ ಕುಮಟಾ ಸಿಹಿ ಈರುಳ್ಳಿ ಮನೆಯಲ್ಲಿದ್ದರೆ ಅದನ್ನೇ ಹಾಕಿ. ಅಂಚು ಕಂದಾಗುವ ತನಕ ಬಿಡಿ. ಆಮೇಲೆ ಜಜ್ಜಿದ ನಾಲ್ಕೈದು ಎಸಳು ಬೆಳ್ಳುಳ್ಳಿ, ಒಂದು ಒಣಮೆಣಸು ಅಥವಾ ಎರಡು ಸೂಜಿಮೆಣಸು, ಚಿಟಿಕೆ ಇಂಗು.

ಈಗ ಡಬ್ಬಿ. ಒಳಗಿನ ಮುದ್ದೆ ಡಬ್ಬಿಯ ಆಕಾರದಲ್ಲೇ, ಮೈಮೇಲೆ ಅದರ ಬಳೆಗಳ ಗುರುತು ಹೊತ್ತುಕೊಂಡು, ಇಡಿಯಾಗಿ ಬಾಣಲೆಗೆ ಬೀಳುತ್ತದೆ. ಗಾಬರಿಯಾಗಬೇಡಿ. ಪಕ್ಕದಲ್ಲಿ ಕಾಲು ಕಪ್ ಬಿಸಿನೀರು ಇಟ್ಟುಕೊಂಡು ಸ್ವಲ್ಪ ಸ್ವಲ್ಪವೇ ಹಾಕುತ್ತ, ಸೌಟಿನ ಬೆನ್ನಿನಿಂದ ಒತ್ತಿ ಒಡೆಯಿರಿ. ಉರಿ ಸಣ್ಣಗಿರಲಿ. ಮುದ್ದೆ ಗಟ್ಟಿ ಇರುವುದರಿಂದ ಅಡಿಯಲ್ಲಿ ಹುಟ್ಟಿದ ಹಬೆಗೆ ಹೊರಬರಲು ದಾರಿ ಇಲ್ಲ. ಅದು ಫಟ್ ಎಂದು ಸಿಡಿದು ಮುಂಗೈ ಸುಡುತ್ತದೆ, ಅರ್ಧ ಮುಚ್ಚಳ ಹಾಕಿಕೊಳ್ಳಿ. ಅಡಿಯಲ್ಲಿ ತೆಳುವಾಗಿ ಕಂದುಪದರ ಕಟ್ಟಲು ಬಿಡಿ, ಕೆರೆದು ಒಳಗೆ ಸೇರಿಸಿ, ಮತ್ತೆ ಬಿಡಿ. ಏಳೆಂಟು ನಿಮಿಷ ಸಾಕು. ಸೌಟಿನಿಂದ ತಳದಲ್ಲಿ ಒಂದು ಗೆರೆ ಎಳೆಯಿರಿ. ಗೆರೆ ಒಂದು ಕ್ಷಣ ನಿಂತು ನಿಧಾನವಾಗಿ ಮುಚ್ಚಿಕೊಂಡರೆ ಇಳಿಸುವ ಹದ. ಆರಿದಾಗ ಇನ್ನೂ ಗಟ್ಟಿಯಾಗುತ್ತದೆ, ಪಿಷ್ಟದ ಗುಣವೇ ಅದು. ಹಾಗಾಗಿ ಬೇಕಿದ್ದಕ್ಕಿಂತ ತುಸು ತೆಳ್ಳಗಿರುವಾಗಲೇ ಇಳಿಸಿ.

ಉಪ್ಪು ಹಾಕಬೇಡಿ, ಮೊದಲು ನಾಲಿಗೆಗೆ ಹಚ್ಚಿ ನೋಡಿ. ಡಬ್ಬಿಯಲ್ಲಿ ಸಾಕಷ್ಟು ಇರುತ್ತದೆ. ಹುಳಿ ಮಾತ್ರ ಬೇಕೇ ಬೇಕು. ಇಳಿಸಿದ ಮೇಲೆ ಅರ್ಧ ನಿಂಬೆಹಣ್ಣು ಹಿಂಡಿ. ಮುರುಗಲು ಹಾಕಬಹುದಾ ಅಂತ ಕೇಳುವವರಿದ್ದಾರೆ. ಹಾಕಬಹುದು, ಬಣ್ಣ ಮಾತ್ರ ಕಪ್ಪಾಗುತ್ತದೆ.

ಇಷ್ಟೇ ಉತ್ತರ. ಇದನ್ನು ಎರಡು ನಿಮಿಷದಲ್ಲಿ ಹೇಳಿ ಮುಗಿಸಬಹುದು. ಆದರೆ ಹೇಳಿದ ಮೇಲೂ ಜನ ಅರ್ಧ ಗಂಟೆ ನೀರಲ್ಲಿ ಕುದಿಸುತ್ತಾರೆ. ಯಾಕೆ ಅಂತ ಕೇಳಿದರೆ ಸಿಗುವುದು ಒಂದೇ ಕಾರಣ. ಶಿರಸಿ ಕಡೆಯ ಹಿರಿಯರೊಬ್ಬರು ಹೇಳಿದ್ದು ಹೀಗೆ: “ಔಷಧಿ ಹೋಗವು ಹೇಳಿ ಚೊಲೋ ಕುದಿಸಿದ್ದಿ, ತಂಗಿ.”

ಔಷಧಿ! ಡಬ್ಬಿಯಲ್ಲಿ ವರ್ಷಗಟ್ಟಲೆ ಕೆಡದೆ ಇರಬೇಕಾದರೆ ಏನೋ ಹಾಕಿರಲೇಬೇಕು, ಅದನ್ನು ಕುದಿಸಿ ಓಡಿಸಬೇಕು. ಈ ನಂಬಿಕೆ ಎಷ್ಟು ಗಟ್ಟಿ ಅಂದರೆ, ಡಬ್ಬಿಯ ಮೇಲೆ ಬರೆದಿರುವ ಪದಾರ್ಥಗಳ ಪಟ್ಟಿಯನ್ನು ಓದಿ ಹೇಳಿದರೂ “ಅವರು ಬರೀತಾರಾ?” ಅನ್ನುತ್ತಾರೆ.

ಸರಿ, ವಾದಕ್ಕೆ ಔಷಧಿ ಇದೆ ಅಂತಲೇ ಇಟ್ಟುಕೊಳ್ಳಿ. ಕುದಿಸಿದರೆ ಅದು ಹೋಗುತ್ತದೆ ಅಂತ ಯಾರು ಹೇಳಿದರು? ಕುದಿಯುವಾಗ ಆವಿಯಾಗುವುದು ನೀರು. ಸಾರಿಗೆ ಉಪ್ಪು ಜಾಸ್ತಿಯಾದರೆ ಕುದಿಸಿ ಕುದಿಸಿ ಕಡಿಮೆ ಮಾಡಲು ಆಗುತ್ತದಾ? ಇನ್ನೂ ಹೆಚ್ಚಾಗುತ್ತದೆ. ಸೋಡಿಯಂ ಬೆಂಜೊಯೇಟ್‌ನಂತಹ ನಿಜವಾದ ಸಂರಕ್ಷಕಗಳ ಕಥೆಯೂ ಅದೇ, ಅವೂ ಪಾತ್ರೆಯಲ್ಲೇ ಉಳಿಯುತ್ತವೆ. ಅಂದರೆ ಔಷಧಿ ಇದ್ದರೆ ನಿಮ್ಮ ಕುದಿತದಿಂದ ಹೋಗುವುದಿಲ್ಲ, ಇಲ್ಲದಿದ್ದರೆ ಕುದಿಸುವ ಅಗತ್ಯವಿಲ್ಲ.

ಇಲ್ಲ ಅನ್ನುವುದೇ ಸತ್ಯ. ಡಬ್ಬಿಯ ಬೀನ್ಸ್ ಕೆಡದಿರುವುದಕ್ಕೆ ಕಾರಣ ಎರಡು: ಬಿಸಿ ಮತ್ತು ಬಿಗಿ. ಪದಾರ್ಥವನ್ನು ತುಂಬಿ, ಗಾಳಿಯಾಡದಂತೆ ಮುಚ್ಚಿ, ಆಮೇಲೆ ಡಬ್ಬಿ ಸಮೇತ ಒತ್ತಡದ ಹಬೆಯಲ್ಲಿ ಬೇಯಿಸುತ್ತಾರೆ. ಒಳಗಿದ್ದ ಸೂಕ್ಷ್ಮಜೀವಿ ಸತ್ತಿತು, ಹೊರಗಿನದು ಬರುವಂತಿಲ್ಲ. ಇನ್ನು ಕೆಡಿಸುವವರು ಯಾರು?

ಈ ಉಪಾಯ ಹೊಸತೂ ಅಲ್ಲ. ಫ್ರಾನ್ಸಿನ ನಿಕೊಲಾ ಅಪೇರ್ ಎಂಬ ಮಿಠಾಯಿಗಾರ ಗಾಜಿನ ಬಾಟಲಿಗಳಲ್ಲಿ ಆಹಾರ ತುಂಬಿ, ಬಿರಡೆ ಬಿಗಿದು, ಬಿಸಿನೀರಿನಲ್ಲಿ ಬೇಯಿಸಿ ಇಡುವುದನ್ನು ಕಂಡುಕೊಂಡ. ಅದನ್ನು ಬಹಿರಂಗಪಡಿಸಿದ್ದಕ್ಕೆ ಅಲ್ಲಿನ ಸರ್ಕಾರ 1810ರಲ್ಲಿ 12,000 ಫ್ರಾಂಕ್ ಬಹುಮಾನ ಕೊಟ್ಟಿತು. ಅದೇ ವರ್ಷ ಇಂಗ್ಲೆಂಡಿನಲ್ಲಿ ಪೀಟರ್ ಡುರಾಂಡ್ ತವರದ ಡಬ್ಬಿಗೆ ಪೇಟೆಂಟ್ ಪಡೆದ. ಆಹಾರ ಯಾಕೆ ಕೆಡುವುದಿಲ್ಲ ಎಂಬುದು ಅಪೇರ್‌ಗೂ ಗೊತ್ತಿರಲಿಲ್ಲ. ಆ ಕಾರಣ ಬಿಡಿಸಿಕೊಟ್ಟವನು ಸುಮಾರು ಅರ್ಧ ಶತಮಾನದ ನಂತರ ಬಂದ ಲೂಯಿ ಪಾಶ್ಚರ್.

ಇಲ್ಲಿ ಒಂದು ವಿಲನ್ ಇದ್ದಾನೆ, ಹೆಸರು ಕ್ಲಾಸ್ಟ್ರಿಡಿಯಂ ಬಾಟ್ಯುಲಿನಮ್. ಗಾಳಿ ಇಲ್ಲದ ಕಡೆಯೇ ಬೆಳೆಯುವ ಜೀವಿ. ಇದರ ಬೀಜಾಣುಗಳು 100 ಡಿಗ್ರಿಯಲ್ಲಿ ಗಂಟೆಗಟ್ಟಲೆ ಕುದಿಸಿದರೂ ಬದುಕಬಲ್ಲವು. 121 ಡಿಗ್ರಿ ಮುಟ್ಟಿದರೆ ಸುಮಾರು ಮೂರು ನಿಮಿಷದಲ್ಲಿ ಸಾಯುತ್ತವೆ. ನೀರು ತೆರೆದ ಪಾತ್ರೆಯಲ್ಲಿ 100 ದಾಟುವುದಿಲ್ಲ, ಒತ್ತಡ ಬೇಕು. ನಿಮ್ಮ ಮನೆಯ ಕುಕ್ಕರ್ ಸೀಟಿ ಹೊಡೆಯುವಾಗ ಒಳಗೆ ಹೆಚ್ಚುಕಡಿಮೆ 120 ಡಿಗ್ರಿ ಇರುತ್ತದೆ. ಕಾರ್ಖಾನೆಯಲ್ಲಿ ಇರುವುದು ಅದರದೇ ದೊಡ್ಡಣ್ಣ. ಬೀನ್ಸ್ ಮುದ್ದೆಯ ನಡುಮಧ್ಯಕ್ಕೆ ಕಾವು ತಲುಪುವುದು ನಿಧಾನ, ಆದ್ದರಿಂದ ಡಬ್ಬಿಗಳನ್ನು ಅದರೊಳಗೆ ಇನ್ನೂ ಹೆಚ್ಚು ಹೊತ್ತು ಇಡುತ್ತಾರೆ. ಅಲ್ಲಿ ಆ ಬೆಂಕಿ ದಾಟಿ ಬಂದ ಪದಾರ್ಥಕ್ಕೆ ನೀವು ಇಲ್ಲಿ ಅರ್ಧ ಗಂಟೆ ನೀರು ಕುದಿಸಿ ಏನು ಉಪಕಾರ ಮಾಡಿದಂತಾಯಿತು?

ಪಟ್ಟಿಯಲ್ಲಿ ಉದ್ದ ಹೆಸರೊಂದು ಇತ್ತು ಅನ್ನುವವರೂ ಇದ್ದಾರೆ. ಇಡೀ ಕಾಳಿನ ಕೆಲವು ಡಬ್ಬಿಗಳಲ್ಲಿ ಇಡಿಟಿಎ ಎಂಬ ವಸ್ತು ಇರುತ್ತದೆ. ಅದು ಕಾಳಿನ ಬಣ್ಣ ಮಾಸದಿರಲಿ ಅಂತ. ರಿಫ್ರೈಡ್ ಬೀನ್ಸ್‌ನಲ್ಲಿ ಸಾಮಾನ್ಯವಾಗಿ ಕಾಣುವುದು ಕಾಳು, ನೀರು, ಎಣ್ಣೆ ಅಥವಾ ಕೊಬ್ಬು, ಉಪ್ಪು, ಈರುಳ್ಳಿ-ಬೆಳ್ಳುಳ್ಳಿ ಪುಡಿ, ಮೆಣಸು. ತಮಾಷೆ ಅಂದರೆ, ಮೂರು ವರ್ಷದ ಅಪ್ಪೆಮಿಡಿ ಭರಣಿಯ ಮುಚ್ಚಳ ತೆಗೆದು ಕಣ್ಣುಮುಚ್ಚಿ ಪರಿಮಳ ಎಳೆದುಕೊಳ್ಳುವವರೇ ಡಬ್ಬಿಯನ್ನು ಅನುಮಾನದಿಂದ ನೋಡುತ್ತಾರೆ. ಸಂರಕ್ಷಕ ನಿಜಕ್ಕೂ ಇರುವುದು ಭರಣಿಯಲ್ಲಿ. ಉಪ್ಪು ಮತ್ತು ಹುಳಿ ಎಂಬ ಎರಡು ಸಂರಕ್ಷಕಗಳು, ಅದೂ ಧಾರಾಳವಾಗಿ.

ರುಚಿ ಹಾಳಾಗುವುದೂ ಈ ಔಷಧಿ ಭ್ರಮೆಯಿಂದಲೇ. ಡಬ್ಬಿಯೊಳಗೆ ಬೀನ್ಸ್ ಬೆಂದಿದ್ದು ಒದ್ದೆಯಲ್ಲಿ. ಕಂದುಬಣ್ಣ, ಹುರಿದ ಪರಿಮಳ ಹುಟ್ಟಬೇಕಾದರೆ ಒಣ ಕಾವು ಬೇಕು, ಸುಮಾರು 140 ಡಿಗ್ರಿಯ ಮೇಲೆ. ನೀರು ಸುರಿದು ಕುದಿಸುತ್ತಿದ್ದಷ್ಟು ಹೊತ್ತು ನೀವು ಅಲ್ಲಿಗೆ ಮುಟ್ಟುವುದೇ ಇಲ್ಲ. ಕಂದಿದ ಈರುಳ್ಳಿ, ಬಾಣಲೆಯ ತಳದ ಆ ತೆಳು ಪದರ, ಜಿಡ್ಡು, ಇವು ಮೂರೂ ಡಬ್ಬಿಯಲ್ಲಿ ಇಲ್ಲದ್ದನ್ನು ತಂದುಕೊಡುತ್ತವೆ. ಮೆಕ್ಸಿಕೋದ ಮನೆಗಳಲ್ಲೂ ಮಾಡುವುದು ಇದನ್ನೇ. ಬೆಂದ ಕಾಳನ್ನು ಈರುಳ್ಳಿ ಹಾಕಿದ ಬಿಸಿ ಕೊಬ್ಬಿನಲ್ಲಿ ಜಜ್ಜಿ ಹುರಿಯುತ್ತಾರೆ. ಉತ್ತರದ ಕಡೆ ಪಿಂಟೊ ಕಾಳು, ವೆರಾಕ್ರೂಸ್ ಕಡೆ ಕಪ್ಪು ಕಾಳು. ಕಾಳು ಬೇಯಿಸುವಾಗ ಎಪಾಸೋಟೆ ಎಂಬ ಸೊಪ್ಪು ಹಾಕುತ್ತಾರೆ, ಹೊಟ್ಟೆಯುಬ್ಬರ ಆಗದಿರಲಿ ಅಂತ. ನಾವು ಇಂಗು ಹಾಕುವುದೂ ಅದಕ್ಕೇ ಅಲ್ವಾ?

ಕೊಬ್ಬು ಅಂದೆ. ಸಸ್ಯಾಹಾರಿಗಳು ಇಲ್ಲಿ ನಿಂತು ಓದಿ. ಅಲ್ಲಿಯ ಸಾಂಪ್ರದಾಯಿಕ ರಿಫ್ರೈಡ್ ಬೀನ್ಸ್‌ಗೆ ಹಾಕುವುದು ಹಂದಿಯ ಕೊಬ್ಬು, ಪಟ್ಟಿಯಲ್ಲಿ ಅದರ ಹೆಸರು ಲಾರ್ಡ್. ಅಮೆರಿಕದ ಡಬ್ಬಿಯ ಮೇಲೆ ನಮ್ಮ ಹಾಗೆ ಹಸಿರು ಚುಕ್ಕಿ, ಕಂದು ಚಿಹ್ನೆ ಇರುವುದಿಲ್ಲ. ವೆಜಿಟೇರಿಯನ್ ಅಂತ ಬರೆದ ಡಬ್ಬಿಯನ್ನೇ ತರಲು ಮಗನಿಗೆ ಹೇಳಿ. ಔಷಧಿಗೆ ಹೆದರಿ ಅರ್ಧ ಗಂಟೆ ಕುದಿಸಿದವರು ಈ ಒಂದು ಪದವನ್ನು ಓದಿರುವುದಿಲ್ಲ, ನನಗೆ ಬೇಸರ ಆಗುವುದು ಅಲ್ಲಿ.

ನಿಜವಾಗಿ ಹೆದರಬೇಕಾದದ್ದು ಡಬ್ಬಿಯ ಮೈಗೆ. ಕಾರವಾರ, ಅಂಕೋಲಾ, ಹೊನ್ನಾವರದ ಉಪ್ಪುಗಾಳಿಗೆ ಮಳೆಗಾಲ ಸೇರಿದರೆ ಕಪಾಟಿನಲ್ಲಿಟ್ಟ ತಗಡಿಗೂ ತುಕ್ಕು ಬರುತ್ತದೆ. ಬಟ್ಟೆಯಲ್ಲಿ ಒರೆಸಿದರೆ ಹೋಗುವ ತುಕ್ಕು ಪರವಾಗಿಲ್ಲ. ಉಗುರಿಗೆ ಗುಳಿ ಸಿಗುವಷ್ಟು ತಿಂದಿದ್ದರೆ, ಅಂಚಿನ ಮಡಿಕೆಯ ಮೇಲೆ ತಗ್ಗು ಬಿದ್ದಿದ್ದರೆ ಎಸೆಯಿರಿ. ಮುಚ್ಚಳ ಉಬ್ಬಿದ್ದರೆ, ತೆರೆಯುವಾಗ ರಸ ಚಿಮ್ಮಿದರೆ, “ಸ್ವಲ್ಪ ರುಚಿ ನೋಡಿ ಹೇಳ್ತೇನೆ” ಅನ್ನಲೇಬೇಡಿ. ಬಾಟ್ಯುಲಿನಮ್ ವಿಷಕ್ಕೆ ಬಣ್ಣ, ವಾಸನೆ ಏನೂ ಬೇಕಿಲ್ಲ. ಮತ್ತೆ, ತೆರೆಯದ ಡಬ್ಬಿಯನ್ನು ಒಲೆಯ ಮೇಲೆ ನೇರವಾಗಿ ಇಡುವ ಸಾಹಸ ಬೇಡ, ಸಿಡಿಯುತ್ತದೆ. ಮೈಕ್ರೊವೇವ್‌ನಲ್ಲೂ ತಗಡು ಹೋಗಬಾರದು. ಗಾಜಿನ ಬಟ್ಟಲಿಗೆ ಹಾಕಿ, ಮುಚ್ಚಿ, ನಡುವೆ ಒಮ್ಮೆ ಕಲಸಿ. ಅದರಲ್ಲಿ ಬಿಸಿ ಆಗುತ್ತದೆ, ರುಚಿ ಬರುವುದಿಲ್ಲ.

ಯಾವುದರ ಜೊತೆ ತಿನ್ನುವುದು ಅಂತ ನಾನು ಹೇಳಬೇಕಿಲ್ಲ. ಕಾರವಾರದಲ್ಲಿ ಪಾವ್ ಇದೆ, ಘಟ್ಟದ ಮೇಲೆ ತೆಳ್ಳೇವು ದೋಸೆ ಇದೆ.

ಇನ್ನು, ಡಬ್ಬಿ ಮುಗಿದ ಮೇಲೆ ಏನು? ಇದನ್ನು ಯಾರೂ ನೇರವಾಗಿ ಕೇಳುವುದಿಲ್ಲ, ಸುಮ್ನೆ ಮುಂದಿನ ವರ್ಷದ ರಜೆ ಕಾಯುತ್ತಾರೆ. ಕಾಯಬೇಡಿ. ಪಿಂಟೊ ಕಾಳು, ರಾಜ್ಮಾ, ಪಲ್ಯಕ್ಕೆ ಹೆಚ್ಚುವ ಹಸಿರು ಬೀನ್ಸ್, ಎಲ್ಲವೂ ಒಂದೇ ಜಾತಿಯ ಗಿಡ, ಅಮೆರಿಕ ಖಂಡದಿಂದ ಬಂದದ್ದು. ಚುಕ್ಕಿ ಚುಕ್ಕಿಯ ಚಿತ್ರಾ ರಾಜ್ಮಾ ಅದಕ್ಕೆ ತೀರ ಹತ್ತಿರ. ರಾತ್ರಿ ನೆನೆಸಿ, ಆ ನೀರು ಚೆಲ್ಲಿ, ಹೊಸ ನೀರಿನಲ್ಲಿ ಕುಕ್ಕರ್‌ಗಿಟ್ಟು ಬೆರಳಲ್ಲಿ ಹಿಸುಕಿದರೆ ಬೆಣ್ಣೆಯಾಗುವಷ್ಟು ಬೇಯಿಸಿ. ಬೇಯಿಸಿದ ನೀರನ್ನು ಮಾತ್ರ ಚೆಲ್ಲಬೇಡಿ, ಬಿಸಿನೀರಿನ ಬದಲು ಬಾಣಲೆಗೆ ಅದನ್ನೇ ಹಾಕಿ. ಡಬ್ಬಿಯದ್ದಕ್ಕಿಂತ ರುಚಿ ಒಂದು ಕೈ ಮೇಲೆ. ರಾಜ್ಮಾ ಅರೆಬೆಂದರೆ ತೊಂದರೆ, ಅದರಲ್ಲಿರುವ ಲೆಕ್ಟಿನ್ ಎಂಬ ಪ್ರೋಟೀನ್ ವಾಂತಿ ಭೇದಿ ತರುತ್ತದೆ. ಕುದಿ ಬರದಂತೆ ಸಣ್ಣ ಕಾವಿನಲ್ಲಿ ಗಂಟೆಗಟ್ಟಲೆ ಬೇಯಿಸುವ ವಿದ್ಯುತ್ ಪಾತ್ರೆಗಳಲ್ಲಿ ಈ ಅಪಾಯ ಜಾಸ್ತಿ, ಕುಕ್ಕರ್‌ನಲ್ಲಿ ಆ ಭಯವಿಲ್ಲ. ಗದ್ದೆಯಲ್ಲಿ ಬೆಳೆದ ಅಲಸಂದೆಯಿಂದಲೂ ಮಾಡಬಹುದು. ಅದು ಬೇರೆ ಜಾತಿ, ಮೂಲ ಆಫ್ರಿಕಾ. ಮುದ್ದೆ ಅಷ್ಟು ನುಣುಪಾಗುವುದಿಲ್ಲ, ಆದರೆ ತೆಂಗಿನೆಣ್ಣೆ, ಬೆಳ್ಳುಳ್ಳಿ ಬಿದ್ದರೆ ಡಬ್ಬಿ ನೆನಪಾಗುವುದಿಲ್ಲ.

ಮಾಡಿದ್ದನ್ನು ಬಾಟಲಿಗೆ ತುಂಬಿ ಮುಚ್ಚಳ ಬಿಗಿದು ಕಪಾಟಿನಲ್ಲಿಡುವ ಯೋಚನೆ ಬಂದರೆ ಬಿಟ್ಟುಬಿಡಿ. ಗಟ್ಟಿ ಮುದ್ದೆಯ ನಡುವಿಗೆ ಮನೆಯಲ್ಲಿ ಅಷ್ಟು ಕಾವು ಮುಟ್ಟಿಸುವುದು ನಂಬುವ ಕೆಲಸವಲ್ಲ. ಅರ್ಧ ಉಳಿದ ಡಬ್ಬಿಯದ್ದನ್ನೂ ಸ್ಟೀಲ್ ಡಬ್ಬಕ್ಕೆ ಹಾಕಿ ಫ್ರಿಜ್‌ನಲ್ಲಿಟ್ಟರೆ ಮೂರು ನಾಲ್ಕು ದಿನ. ಫ್ರೀಜರ್‌ನಲ್ಲಿ ಎರಡು ಮೂರು ತಿಂಗಳು ಇರುತ್ತದೆ, ಹೊರತೆಗೆದಾಗ ನೀರು ಬಿಟ್ಟಿದ್ದರೆ ಬಾಣಲೆಯಲ್ಲಿ ತಿರುವಿದರೆ ಕೂಡಿಕೊಳ್ಳುತ್ತದೆ. ಆಷಾಢದಲ್ಲಿ ಮರ ಬಿದ್ದು ದಿನಗಟ್ಟಲೆ ಕರೆಂಟ್ ಹೋಗುವ ಊರಿನವರು ಮಾತ್ರ ಫ್ರೀಜರ್ ನೆಚ್ಚಬೇಡಿ, ಒಂದು ಹೊತ್ತಿಗೆ ಬೇಕಾದಷ್ಟೇ ನೆನೆಸಿ.